ಜಾನ್ ಲೆನನ್‌ನ ಬಾಲ್ಯ: ವಿಮಾನದಾಳಿಯ ಕಥನ ಮತ್ತು ಕುಟುಂಬದ ನೆನಪು

ಬೀಟಲ್ಸ್ ತಂಡದ ಗಾಯಕ, ಗೀತಕಾರ ಜಾನ್ ಲೆನನ್ (1940-1980) ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಆಕ್ಸ್‌ಫರ್ಡ್ ಸ್ಟ್ರೀಟ್ ಹೆರಿಗೆ ಆಸ್ಪತ್ರೆಯಲ್ಲಿ 1940ರ ಅಕ್ಟೋಬರ್ 9ರ ಸಂಜೆ ಜನಿಸಿದನು. ಅವನನ್ನು ಕುರಿತ ಜೀವನಚರಿತ್ರೆಗಳು ಬಹುಕಾಲ ಆರಂಭವಾಗುತ್ತಿದ್ದುದು ಒಂದು ವಿಮಾನದಾಳಿಯಿಂದ. ತಂಗಿ ಜೂಲಿಯಾ ಹೆತ್ತ ಸುದ್ದಿ ತಿಳಿದ ಕೂಡಲೇ ದೊಡ್ಡಮ್ಮ ಮಿಮಿ ಬಾಂಬುಗಳ ಸುರಿಮಳೆಯ ನಡುವೆ ಕತ್ತಲ ಬೀದಿಗಳಲ್ಲಿ ಓಡಿ ಆಸ್ಪತ್ರೆ ತಲುಪಿದಳೆಂದೂ, ಕಟ್ಟಡದ ಸಮೀಪದಲ್ಲೇ ಬಾಂಬು ಬಿದ್ದುದರಿಂದ ಎಳೆಗೂಸನ್ನು ಮಂಚದ ಕೆಳಗೆ ಇರಿಸಲಾಯಿತೆಂದೂ ಈ ಕಥನ ಹೇಳುತ್ತದೆ. ಇದರ ಮೂಲ ಮಿಮಿಯೇ. 1968ರಲ್ಲಿ ಹಂಟರ್ ಡೇವಿಸ್ ಬರೆದ ಅಧಿಕೃತ ಚರಿತ್ರೆಯು ದಾಳಿಯ ನಡುವಿನ ಜನನವನ್ನು ಅಂಗೀಕರಿಸಿತು. ಅನಂತರದ ಹಲವರು ಅದನ್ನೇ ಅನುಸರಿಸಿದರು.

ಅಂದಿನ ಪತ್ರಿಕೆಗಳನ್ನೂ ನಗರದ ದಾಳಿಗಳ ದಾಖಲೆಗಳನ್ನೂ ಪರಿಶೀಲಿಸಿದ ಸಂಶೋಧಕರಿಗೆ ಆ ರಾತ್ರಿ ಲಿವರ್‌ಪೂಲಿನ ಮೇಲೆ ದಾಳಿ ನಡೆದುದಕ್ಕೆ ಪುರಾವೆ ದೊರೆಯಲಿಲ್ಲ. ಹಾಗೆಂದು ಮಿಮಿ ಸುಳ್ಳು ಹೇಳಿದಳೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಅಟ್ಲಾಂಟಿಕ್ ಮೂಲಕ ಬ್ರಿಟನ್ನಿಗೆ ಆಹಾರ, ಯುದ್ಧಸಾಮಗ್ರಿ ಬಂದಿಳಿಯುತ್ತಿದ್ದ ಪ್ರಮುಖ ಬಂದರು ಲಿವರ್‌ಪೂಲ್ ಆದುದರಿಂದ 1940ರ ಆಗಸ್ಟ್ ತಿಂಗಳಿಂದಲೇ ಅದು ಜರ್ಮನ್ ವಿಮಾನಗಳ ಗುರಿಯಾಗಿತ್ತು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಡರ್ನಿಂಗ್ ರಸ್ತೆಯ ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದ 166 ಜನ ಒಂದೇ ರಾತ್ರಿ ಮಡಿದರು. 1941ರ ಮೇ ಮೊದಲ ವಾರದ ಸತತ ದಾಳಿಯಲ್ಲಿ ಸತ್ತವರ ಸಂಖ್ಯೆ 1,700ನ್ನು ಮೀರಿತು. ಹಸ್ಕಿಸನ್ ಡಾಕ್‌ನಲ್ಲಿ ಸುಮಾರು ಸಾವಿರ ಟನ್ ಮದ್ದುಗುಂಡು ಹೊತ್ತು ನಿಂತಿದ್ದ ಮಲಕಂದ್ ಎಂಬ ಹಡಗು ಸಿಡಿದುಹೋಯಿತು. ಇಂತಹ ಅನೇಕ ರಾತ್ರಿಗಳನ್ನು ಕಳೆದವಳ ನೆನಪಿನಲ್ಲಿ ಒಂದು ರಾತ್ರಿಯ ಭಯ ಇನ್ನೊಂದು ರಾತ್ರಿಯ ಸಂತೋಷದೊಡನೆ ಬೆರೆತಿರುವುದು ಅಸಹಜವಲ್ಲ. ಮೌಖಿಕ ಆಕರಗಳನ್ನು ಬಳಸುವವರಿಗೆ ಈ ಬಗೆಯ ಬೆರಕೆ ಅಪರಿಚಿತವೂ ಅಲ್ಲ.

ಲಿವರ್‌ಪೂಲಿನ ಮೇಲಿನ ಕೊನೆಯ ದಾಳಿ ನಡೆದದ್ದು 1942ರ ಜನವರಿ 10ರಂದು. ಆಗ ಲೆನನ್ ಹದಿನೈದು ತಿಂಗಳ ಮಗು. ಎಂದರೆ ವಿಮಾನದಾಳಿಯ ನೇರ ಸ್ಮೃತಿ ಅವನಿಗೆ ಇರುವುದು ಸಾಧ್ಯವೇ ಇರಲಿಲ್ಲ. ಇದ್ದುದು ಹಿರಿಯರಿಂದ ಕೇಳಿ ಬಂದ ಸ್ಮೃತಿ ಮಾತ್ರ. ಯುದ್ಧವು ಅವನಿಗೆ ನಿಜವಾಗಿ ಉಳಿಸಿಹೋದದ್ದು ಎರಡು: ಚರ್ಚಿಲ್‌ನ ಗೌರವಾರ್ಥ ಇಟ್ಟ ವಿನ್‌ಸ್ಟನ್ ಎಂಬ ನಡುಹೆಸರು ಮತ್ತು ತಂದೆಯ ಗೈರುಹಾಜರಿ.

ತಂದೆ ಆಲ್‌ಫ್ರೆಡ್ ವ್ಯಾಪಾರಿ ಹಡಗುಗಳ ಪರಿಚಾರಕ. 1938ರ ಡಿಸೆಂಬರಿನಲ್ಲಿ ಮದುವೆಯಾದ ಅವನು ಮಗ ಹುಟ್ಟಿದಾಗ ಸಮುದ್ರದ ಮೇಲಿದ್ದನು, ಮುಂದೆಯೂ ಬಹುಪಾಲು ಅಲ್ಲಿಯೇ ಇದ್ದನು. ತಾಯಿ-ಮಗು ವಾಸವಾಗಿದ್ದುದು ವೇವರ್‌ಟ್ರೀಯ 9, ನ್ಯೂಕ್ಯಾಸಲ್ ರಸ್ತೆಯಲ್ಲಿ, ಜೂಲಿಯಾಳ ತಂದೆ ಜಾರ್ಜ್ ಸ್ಟ್ಯಾನ್ಲಿಯ ಮನೆಯಲ್ಲಿ. ಆ ಕಾಲಕ್ಕೆ ಸೇರಿದ ಒಂದು ಸಣ್ಣ ಪ್ರಸಂಗವೂ ದಾಖಲಾಗಿದೆ. ಅಜ್ಜ ಬಂದರಿನ ದಡಕ್ಕೆ ಹುಡುಗನನ್ನು ನಡೆಸಿಕೊಂಡು ಹೋದಾಗ ಅವನ ಹೊಸ ಬೂಟು ಕಚ್ಚಿತು. ಅಜ್ಜ ಚಾಕು ತೆಗೆದು ಬೂಟಿನ ಹಿಮ್ಮಡಿಯನ್ನು ಸೀಳಿ ಸಡಿಲಗೊಳಿಸಿದನು. ಬಾಂಬಿನ ಕಥೆಗಿಂತ ಈ ಬೂಟಿನ ಪ್ರಸಂಗವೇ ಅವನ ಬಾಲ್ಯಕ್ಕೆ ಹೆಚ್ಚು ಹತ್ತಿರವಾದ ಆಕರ ಎನ್ನಬೇಕು.

1943ರ ಹೊತ್ತಿಗೆ ಆಲ್‌ಫ್ರೆಡ್ ಹಡಗು ತೊರೆದುದರಿಂದ ಮನೆಗೆ ಬರುತ್ತಿದ್ದ ಸಂಬಳದ ಪಾಲು ನಿಂತಿತು. ಜೂಲಿಯಾಳಿಗೆ 1945ರ ಜೂನ್‌ನಲ್ಲಿ ಓರ್ವ ಸೈನಿಕನಿಂದ ಹೆಣ್ಣುಮಗು ಹುಟ್ಟಿ, ಅದನ್ನು ದತ್ತು ಕೊಡಲಾಯಿತು. 1946ರ ಬೇಸಿಗೆಯಲ್ಲಿ ಆಲ್‌ಫ್ರೆಡ್ ಐದು ವರ್ಷದ ಮಗನನ್ನು ಬ್ಲ್ಯಾಕ್‌ಪೂಲ್‌ಗೆ ಕರೆದೊಯ್ದನು. ಅಲ್ಲಿಂದ ನ್ಯೂಜಿಲೆಂಡಿಗೆ ವಲಸೆ ಹೋಗುವ ಆಲೋಚನೆ ಅವನದು. ಜೂಲಿಯಾ ಅಲ್ಲಿಗೆ ಬಂದಾಗ, ತಂದೆ-ತಾಯಿಯರಲ್ಲಿ ಒಬ್ಬರನ್ನು ಆರಿಸಿಕೊಳ್ಳಲು ಮಗುವಿಗೇ ಹೇಳಲಾಯಿತೆಂದೂ, ಮೊದಲು ತಂದೆಯನ್ನು ಆರಿಸಿದ ಹುಡುಗ ತಾಯಿ ಹೊರಟಾಗ ಅಳುತ್ತ ಅವಳ ಹಿಂದೆ ಓಡಿದನೆಂದೂ ಪ್ರಸಿದ್ಧಿ. ಇದನ್ನೂ ಸಂಶೋಧನೆ ಪ್ರಶ್ನಿಸಿದೆ. ಮಾರ್ಕ್ ಲ್ಯೂಯಿಸನ್ 2013ರಲ್ಲಿ ಪ್ರಕಟಿಸಿದ ಬೃಹತ್ ಚರಿತ್ರೆಯು, ಆಲ್‌ಫ್ರೆಡ್ ತಂಗಿದ್ದ ಮನೆಯಲ್ಲಿ ಅಂದು ಇದ್ದವನೊಬ್ಬನ ಸಾಕ್ಷ್ಯವನ್ನು ಆಧರಿಸಿ, ಅಲ್ಲಿ ಅಂತಹ ಆಯ್ಕೆಯ ನಾಟಕ ನಡೆಯಲಿಲ್ಲವೆಂದೂ ಹಿರಿಯರು ತಮ್ಮೊಳಗೆ ಮಾತಾಡಿ ಮುಗಿಸಿದರೆಂದೂ ನಿರೂಪಿಸುತ್ತದೆ. ಆದರೆ ಈ ಎರಡು ಕಥನಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದರಲ್ಲಿ ಮಗುವಿನ ಅನುಭವವೇ ಇಲ್ಲ. ಎರಡನೆಯದರಲ್ಲಿ ದೃಶ್ಯ ಸಂಶಯಾಸ್ಪದವಾದರೂ ಅಗಲಿಕೆ ನಿಜ: ಆಲ್‌ಫ್ರೆಡ್ ಮಗನ ಬದುಕಿನಿಂದ ಸುಮಾರು ಹದಿನೆಂಟು ವರ್ಷ ಮರೆಯಾದನು; ಜೂಲಿಯಾ ಕರೆತಂದ ಮಗುವೂ ಅವಳೊಡನೆ ಉಳಿಯದೆ ವೂಲ್ಟನ್‌ನ ಮೆಂಡಿಪ್ಸ್ ಎಂಬ ಮನೆಯಲ್ಲಿ ಮಿಮಿ ಮತ್ತು ಅವಳ ಗಂಡ ಜಾರ್ಜ್ ಸ್ಮಿತ್‌ರ ಪೋಷಣೆಗೆ ಸೇರಿತು.

ಜಾರ್ಜ್ 1955ರಲ್ಲಿ ತೀರಿಕೊಂಡನು. 1958ರ ಜುಲೈ 15ರಂದು ಮಿಮಿಯ ಮನೆಯಿಂದ ಹೊರಟ ಜೂಲಿಯಾ ಮೆನ್‌ಲವ್ ಅವೆನ್ಯೂದಲ್ಲಿ ಕಾರಿಗೆ ಸಿಕ್ಕಿ ಮೃತಳಾದಳು. ಅವಳ ಹೆಸರಿನ ಗೀತೆಯನ್ನು ಲೆನನ್ ರಚಿಸಿದ್ದು ಹತ್ತು ವರ್ಷಗಳ ಬಳಿಕ, 1968ರಲ್ಲಿ ಹೃಷಿಕೇಶದ ಆಶ್ರಮದಲ್ಲಿದ್ದಾಗ. 1970ರಲ್ಲಿ ಬಂದ ಅವನ ಧ್ವನಿಮುದ್ರಿಕೆ ತಾಯಿಯನ್ನು ಕುರಿತ ಹಾಡಿನಿಂದಲೇ ಆರಂಭವಾಗುತ್ತದೆ. ಅದರಲ್ಲಿ ತಂದೆಯೂ ಇದ್ದಾನೆ. ಯುದ್ಧ, ಬಾಂಬು ಅಲ್ಲಿ ಎಲ್ಲಿಯೂ ಸುಳಿಯುವುದಿಲ್ಲ.

ದಾಳಿಯ ನಿಜವಾದ ಸ್ಮೃತಿ ಇದ್ದುದು ಅವನ ಎರಡನೆಯ ಹೆಂಡತಿ ಯೋಕೊ ಓನೊಳಿಗೆ. 1945ರ ಮಾರ್ಚ್‌ನಲ್ಲಿ ಟೋಕಿಯೊ ನಗರ ಉರಿದಾಗ ಹನ್ನೆರಡು ವರ್ಷದ ಆಕೆ ಅಜಾಬು ಪ್ರದೇಶದ ನೆಲಮನೆಯೊಂದರಲ್ಲಿ ಅಡಗಿ ಉಳಿದವಳು. ತಂದೆ ದೂರದ ಹನೋಯಿಯಲ್ಲಿದ್ದನು. ಆಮೇಲೆ ಹಳ್ಳಿಗೆ ಹೋಗಿ, ಮನೆಯ ಸಾಮಾನುಗಳನ್ನು ಕೊಟ್ಟು ಆಹಾರ ಪಡೆಯುವ ಸ್ಥಿತಿ ಬಂತು. ಯುದ್ಧವಿರೋಧಿ ನಿಲುವಿನಲ್ಲಿ ಈ ದಂಪತಿ ಒಂದಾದುದನ್ನು ವಿವರಿಸುವಾಗ ಲೆನನ್‌ನ ಜನ್ಮರಾತ್ರಿಯ ಬಾಂಬುಗಳಿಗಿಂತ ಯೋಕೊಳ ಈ ಅನುಭವಕ್ಕೆ ಹೆಚ್ಚು ಮಹತ್ವ ಸಲ್ಲಬೇಕಾಗಿದೆ. 1969ರ ಏಪ್ರಿಲ್‌ನಲ್ಲಿ ಲೆನನ್ ತನ್ನ ಹೆಸರಿಗೆ ಓನೊ ಎಂಬುದನ್ನು ಸೇರಿಸಿಕೊಂಡನು. ಅವನು ಬಿಡಲು ಬಯಸಿದ ವಿನ್‌ಸ್ಟನ್ ಮಾತ್ರ ಕಾನೂನಿನ ಪ್ರಕಾರ ಪೂರ್ತಿ ಅಳಿಯಲಿಲ್ಲ.

ಆಲ್‌ಫ್ರೆಡ್ 1976ರಲ್ಲಿ ಬ್ರೈಟನ್‌ನಲ್ಲಿ ಮರಣಶಯ್ಯೆಯಲ್ಲಿದ್ದಾಗ ಮಗ ನ್ಯೂಯಾರ್ಕಿನಿಂದ ದೂರವಾಣಿಯಲ್ಲಿ ಮಾತನಾಡಿದನು. ನಾಲ್ಕು ವರ್ಷಗಳ ನಂತರ, 1980ರ ಡಿಸೆಂಬರ್ 8ರಂದು, ಲೆನನ್ ಅದೇ ನ್ಯೂಯಾರ್ಕಿನಲ್ಲಿ ಗುಂಡೇಟಿಗೆ ಬಲಿಯಾದನು. ಮೆಂಡಿಪ್ಸ್ ಮನೆಯನ್ನು ಯೋಕೊ 2002ರಲ್ಲಿ ಕೊಂಡು ನ್ಯಾಷನಲ್ ಟ್ರಸ್ಟ್‌ಗೆ ನೀಡಿದಳು. ಯುದ್ಧದ ವರ್ಷಗಳನ್ನು ಅವನು ಕಳೆದ ನ್ಯೂಕ್ಯಾಸಲ್ ರಸ್ತೆಯ ಮನೆ 2013ರಲ್ಲಿ ಹರಾಜಿನಲ್ಲಿ ಮಾರಾಟವಾಯಿತು.