ಒಂದು ಅಕ್ಷರ, ಎಂಟು ಗೆರೆ: ಲಿಪಿಕಾರ ವಾಂಗ್ ಶಿಝಿಯ ಬದುಕು

ಕುಂಚ ಹಿಡಿದು ಚೀನೀ ಲಿಪಿ ಕಲಿಯುವವರು ಮೊದಮೊದಲು ತಿದ್ದುವ ಅಕ್ಷರಗಳಲ್ಲೊಂದು ‘ಯೋಂಗ್’. ಶಾಶ್ವತ ಎಂಬುದು ಅದರ ಅರ್ಥ. ಮೊದಲು ನೆತ್ತಿಯ ಚುಕ್ಕೆ, ನಂತರ ಅಡ್ಡಗೆರೆ, ಅದರಿಂದಲೇ ಕೆಳಗಿಳಿಯುವ ಉದ್ದಗೆರೆ, ಅದರ ತುದಿಯ ಕೊಕ್ಕೆ. ಆಮೇಲೆ ಎಡಬದಿಯಲ್ಲಿ ಮೇಲಕ್ಕೆ ಚಿಮ್ಮುವ ಗೆರೆ, ಅಲ್ಲಿಂದ ಎಡಕ್ಕೆ ಜಾರುವ ನೀಳ ಗೆರೆ. ಕೊನೆಯಲ್ಲಿ ಬಲಬದಿಯ ಗಿಡ್ಡ ಗೆರೆ ಮತ್ತು ಒತ್ತಿ ಇಳಿಸುವ ದಪ್ಪ ಗೆರೆ. ಕುಂಚದ ಎಂಟು ಮೂಲಚಲನೆಗಳೂ ಈ ಒಂದೇ ಅಕ್ಷರದಲ್ಲಿ ಅಡಗಿವೆ. ಈ ಪಾಠದ ಕರ್ತೃ ಯಾರೆಂಬ ಬಗ್ಗೆ ಒಮ್ಮತವಿಲ್ಲ. ಆದರೆ ಪರಂಪರೆ ಅದನ್ನು ತಳಕು ಹಾಕಿರುವುದು ನಾಲ್ಕನೇ ಶತಮಾನದ ವಾಂಗ್ ಶಿಝಿಯ ಹೆಸರಿನೊಂದಿಗೆ.

ಸಾಂಪ್ರದಾಯಿಕ ಗಣನೆಯಂತೆ ಆತನ ಜನನ ಕ್ರಿ.ಶ. 303ರಲ್ಲಿ, ಈಗಿನ ಶಾನ್‌ಡಾಂಗ್ ಪ್ರಾಂತ್ಯದ ಲಿನ್‌ಯೀಯ ಪ್ರತಿಷ್ಠಿತ ವಂಶದಲ್ಲಿ. ಅದು ಉತ್ತರ ಚೀನಾ ದಾಳಿಗಳಿಂದ ತತ್ತರಿಸುತ್ತಿದ್ದ ಕಾಲ. 311ರಲ್ಲಿ ರಾಜಧಾನಿ ಲುವೊಯಾಂಗ್ ಪತನಗೊಂಡಿತು. ವಾಂಗ್ ಮನೆತನ ಯಾಂಗ್‌ಟ್ಸಿ ನದಿ ದಾಟಿ ದಕ್ಷಿಣಕ್ಕೆ ಬಂದು, ಈಗಿನ ನಾನ್‌ಜಿಂಗ್‌ನಲ್ಲಿ ನೆಲೆಗೊಂಡ ಹೊಸ ಆಳ್ವಿಕೆಗೆ ಆಧಾರಸ್ತಂಭವಾಯಿತು. ಬಾಲಕ ಶಿಝಿ ಮಾತಿನಲ್ಲಿ ಹಿಂದು. ಲಿಪಿಕಲೆಯಲ್ಲಿ ಆತನಿಗೆ ದಾರಿ ತೋರಿದವರಲ್ಲಿ ವೇಯ್ ಶುವೊ ಎಂಬ ಮಹಿಳೆಯೂ ಒಬ್ಬಳೆಂದು ಪ್ರತೀತಿ.

ವಿವಾಹದ ಕಥೆ ಸ್ವಾರಸ್ಯಕರ. ಸೇನಾನಿ ಶೀ ಜಿಯಾನ್ ಅಳಿಯನನ್ನು ಆರಿಸಲು ದೂತನನ್ನು ಕಳುಹಿಸಿದಾಗ ಮನೆಯ ತರುಣರೆಲ್ಲ ಗಂಭೀರವಾಗಿ ಕುಳಿತಿದ್ದರಂತೆ. ಒಬ್ಬ ಮಾತ್ರ ಪೂರ್ವದ ಮಂಚದ ಮೇಲೆ ಹೊಟ್ಟೆ ತೆರೆದುಕೊಂಡು ನಿಶ್ಚಿಂತನಾಗಿ ಮಲಗಿದ್ದ. ಸೇನಾನಿ ಆರಿಸಿದ್ದು ಅವನನ್ನೇ. ಅಳಿಯನಿಗೆ ‘ಪೂರ್ವದ ಮಂಚ’ ಎನ್ನುವ ನುಡಿಗಟ್ಟು ಚೀನೀ ಭಾಷೆಗೆ ಬಂದದ್ದು ಹೀಗೆ.

ಅಧಿಕಾರ ಆತನಿಗೆ ಒಗ್ಗಿದಂತೆ ಕಾಣದು. ಆದರೂ ಈಗಿನ ಶಾವೊಶಿಂಗ್ ಪ್ರದೇಶದ ಆಡಳಿತ ವಹಿಸಿಕೊಂಡ ಮೇಲೆ ಬರಗಾಲದಲ್ಲಿ ಸರ್ಕಾರಿ ಕಣಜ ತೆರೆಸಿದ. ಉತ್ತರದ ಮೇಲೆ ಆತುರದ ದಂಡಯಾತ್ರೆ ಬೇಡವೆಂದು ಮುಖಂಡ ಯಿನ್ ಹಾವೊಗೆ ಪತ್ರ ಬರೆದ. ಯಾರೂ ಕಿವಿಗೊಡಲಿಲ್ಲ, ದಂಡಯಾತ್ರೆ ಸೋತಿತು.

ಅದೇ 353ರ ವಸಂತದಲ್ಲಿ, ಮೂರನೇ ತಿಂಗಳ ಮೂರನೇ ದಿನ, ಲಾನ್‌ಟಿಂಗ್ ಎಂಬ ಮಂಟಪದ ಬಳಿ ನಲವತ್ತಕ್ಕೂ ಹೆಚ್ಚು ಬಂಧುಮಿತ್ರರು ಸೇರಿದ್ದರು. ಅಂಕುಡೊಂಕಾದ ತೊರೆಯಲ್ಲಿ ಮದ್ಯದ ಬಟ್ಟಲುಗಳು ತೇಲಿ ಬರುತ್ತಿದ್ದವು. ಕವಿತೆ ಕಟ್ಟಲಾಗದವರಿಗೆ ಕುಡಿಯುವ ದಂಡ. ಅಂದಿನ ಕವಿತೆಗಳಿಗೆ ಶಿಝಿ ಬರೆದ ಮುನ್ನುಡಿಯಲ್ಲಿ 28 ಸಾಲು, 324 ಅಕ್ಷರ. ‘ಝಿ’ ಎಂಬ ಅಕ್ಷರ ಇಪ್ಪತ್ತರಷ್ಟು ಬಾರಿ ಬಂದರೂ ಒಂದರ ರೂಪ ಇನ್ನೊಂದಕ್ಕಿಲ್ಲವೆಂಬುದು ರಸಿಕರ ಬೆರಗು. ಅದರ ಮೊಟ್ಟಮೊದಲ ಅಕ್ಷರವೂ ‘ಯೋಂಗ್’.

ಗೆರೆಗಳ ಕ್ರಮಕ್ಕೆ ಇಷ್ಟು ಮಹತ್ವವೇಕೆ? ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಉದ್ದಗೆರೆಗೆ ಮುನ್ನ ಅಡ್ಡಗೆರೆ ಎಂಬ ನಿಯಮಗಳು ಬಿಡಿಬಿಡಿಯಾಗಿ ಬರೆಯುವಾಗ ಶಿಸ್ತಿನಂತೆ ಮಾತ್ರ ತೋರುತ್ತವೆ. ಶಿಝಿ ಪಳಗಿಸಿದ ಹರಿಬರಹದಲ್ಲಿ ಕುಂಚ ಕಾಗದದಿಂದ ಪೂರ್ತಿ ಮೇಲೇಳದೆ ಗೆರೆಯಿಂದ ಗೆರೆಗೆ ಸಾಗುತ್ತದೆ. ಕ್ರಮ ತಪ್ಪಿದರೆ ಕೂಡುಗೆರೆಗಳೇ ಬದಲಾಗಿ ಅಕ್ಷರ ಓದುಗನಿಗೆ ದಕ್ಕದು. ಹಾಗೆಂದು ಎಲ್ಲೆಡೆ ಒಂದೇ ಕ್ರಮವೇನೂ ಇಲ್ಲ. ಆತನ ಮನೆತನದ ಹೆಸರಾದ ‘ವಾಂಗ್’ ಅಕ್ಷರಕ್ಕೆ ಮೂರು ಅಡ್ಡ, ಒಂದು ಉದ್ದ. ಉದ್ದಗೆರೆಯನ್ನು ಚೀನಾದ ಶಾಲೆಗಳಲ್ಲಿ ಮೂರನೆಯದಾಗಿ ಎಳೆಸಿದರೆ, ಜಪಾನಿನಲ್ಲಿ ಎರಡನೆಯದಾಗಿ. ಚೀನಾ 7,000 ಅಕ್ಷರಗಳ ಗೆರೆಕ್ರಮವನ್ನು ಅಧಿಕೃತವಾಗಿ ನಿಗದಿಪಡಿಸಿದ್ದು 1997ರಲ್ಲಿ.

ತಾನು ಕೀಳಾಗಿ ಕಂಡಿದ್ದ ವಾಂಗ್ ಶೂ ಮೇಲಧಿಕಾರಿಯಾಗಿ ಬಂದದ್ದು ಶಿಝಿಗೆ ಸಹನೆಯಾಗಲಿಲ್ಲ. 355ರಲ್ಲಿ ತಂದೆತಾಯಿಯ ಸಮಾಧಿಯ ಮುಂದೆ ಮತ್ತೆಂದೂ ಅಧಿಕಾರ ಹಿಡಿಯೆನೆಂದು ಪ್ರಮಾಣ ಮಾಡಿ ಹೊರಬಿದ್ದ. ದೊಡ್ಡತನವೋ ಹಟವೋ, ಮಾತನ್ನಂತೂ ಉಳಿಸಿಕೊಂಡ. ಸಾಮಾನ್ಯವಾಗಿ ಒಪ್ಪುವಂತೆ 361ರಲ್ಲಿ ತೀರಿಕೊಂಡ. ಏಳು ಗಂಡುಮಕ್ಕಳಲ್ಲಿ ಕಿರಿಯನಾದ ಶಿಯಾನ್‌ಝಿ ತಂದೆಗೆ ಸಾಟಿಯೆನಿಸಿದ.

ಏಳನೇ ತಲೆಮಾರಿನ ವಂಶಜ, ಭಿಕ್ಷು ಝಿಯೋಂಗ್‌ನಿಂದ ಮುನ್ನುಡಿಯ ಮೂಲಪ್ರತಿ ಶಿಷ್ಯ ಬಿಯಾನ್‌ಚಾಯ್‌ಗೆ ಬಂದಿತ್ತಂತೆ. ಟಾಂಗ್ ಸಾಮ್ರಾಟ ಟಾಯ್‌ಝೋಂಗ್ ಅದನ್ನು ಉಪಾಯದಿಂದ ತರಿಸಿಕೊಂಡು, 649ರಲ್ಲಿ ಮರಣಿಸಿದಾಗ ಗೋರಿಯೊಳಗೆ ಕೊಂಡೊಯ್ದನೆಂದು ಐತಿಹ್ಯ. ಶಿಝಿಯ ಸ್ವಹಸ್ತದ್ದೆಂದು ನಿಸ್ಸಂದೇಹವಾಗಿ ಹೇಳಬಲ್ಲ ಒಂದು ಹಾಳೆಯೂ ಈಗ ಉಳಿದಿಲ್ಲ. ಬೀಜಿಂಗ್, ತೈಪೆ ಅರಮನೆ ಸಂಗ್ರಹಾಲಯಗಳಲ್ಲಿರುವವು ನಕಲುಗಳು. ಟಾಂಗ್ ಕಾಲದ ನಕಲುಗಾರರು ಮೂಲದ ಮೇಲೆ ತೆಳುಹಾಳೆ ಹರಡಿ, ಕೂದಲೆಳೆಯಂತಹ ರೇಖೆಯಿಂದ ಪ್ರತಿ ಗೆರೆಯ ಅಂಚು ಗುರುತಿಸಿ, ಒಳಗೆ ಮಸಿ ತುಂಬುತ್ತಿದ್ದರು. ಅಕ್ಷರವನ್ನು ಕ್ರಮವಾಗಿ ಬರೆಯದೆಯೇ ಸಿದ್ಧವಾದ ಇಂತಹ ಪ್ರತಿಗಳು ಹಾಗೂ ಅವುಗಳಿಂದಾದ ಶಿಲಾಲೇಖಗಳ ಅಚ್ಚುಗಳನ್ನು ಮುಂದಿಟ್ಟುಕೊಂಡೇ ಸಾವಿರಕ್ಕೂ ಹೆಚ್ಚು ವರ್ಷ ಶಿಷ್ಯರು ಆತನ ಗೆರೆಗಳ ಕ್ರಮವನ್ನು ಕಲಿತರು.