ಗ್ರಹಾಂ ಬೆಲ್: ದನಿ ಕೊಟ್ಟವರು, ಸನ್ನೆ ಕಸಿದವರು

ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂದೊಡನೆ ದೂರವಾಣಿ ನೆನಪಾಗುತ್ತದೆ. ಆದರೆ ಅವರು ತಮ್ಮನ್ನು ಮೊದಲಿಗೆ ಗುರುತಿಸಿಕೊಂಡದ್ದು ಕಿವುಡರ ಶಿಕ್ಷಕರೆಂದು. ಆ ಕ್ಷೇತ್ರದಲ್ಲಿ ಅವರು ಉಳಿಸಿಹೋದದ್ದು ಉಪಕಾರವನ್ನು ಮಾತ್ರವಲ್ಲ.

1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜನಿಸಿದ ಬೆಲ್ ಅವರ ಮನೆತನಕ್ಕೆ ಉಚ್ಚಾರಣೆಯನ್ನು ಕಲಿಸುವುದೇ ವೃತ್ತಿ. ಧ್ವನಿಯೊಂದನ್ನು ಹೊರಡಿಸುವಾಗ ನಾಲಿಗೆ, ತುಟಿ, ಗಂಟಲು ಹೇಗಿರಬೇಕೆಂದು ಚಿಹ್ನೆಗಳಲ್ಲಿ ತೋರುವ ಲಿಪಿಯೊಂದನ್ನು ತಂದೆ ಮೆಲ್ವಿಲ್ ಬೆಲ್ 1867ರಲ್ಲಿ ಪ್ರಕಟಿಸಿದರು. ತಾಯಿ ಎಲೈಜಾ ಅವರಿಗೆ ಕಿವಿ ಮಂದ. ಬಾಲಕ ಬೆಲ್ ಬೆರಳುಗಳಿಂದ ಅಕ್ಷರ ಸೂಚಿಸುವುದನ್ನು ಕಲಿತು, ಸುತ್ತಲಿನವರ ಮಾತನ್ನು ತಾಯಿಗೆ ತಿಳಿಸುತ್ತಿದ್ದರು.

ಇಬ್ಬರು ಸೋದರರು ಕ್ಷಯಕ್ಕೆ ಬಲಿಯಾದ ಬಳಿಕ 1870ರಲ್ಲಿ ಕುಟುಂಬ ಕೆನಡಾಕ್ಕೆ ವಲಸೆ ಹೋಯಿತು. ಮರುವರ್ಷ ಬೆಲ್ ಅಮೆರಿಕದ ಬಾಸ್ಟನ್ನಿನ ಕಿವುಡ ಮಕ್ಕಳ ಶಾಲೆಯಲ್ಲಿ ತಂದೆಯ ಪದ್ಧತಿಯನ್ನು ಕಲಿಸತೊಡಗಿದರು. ಧ್ವನಿಯ ಕಂಪನಗಳನ್ನು ಈ ಮಕ್ಕಳ ಕಣ್ಣಿಗೆ ಕಾಣಿಸಬೇಕೆಂಬ ಹಂಬಲದಿಂದ ನಡೆಸಿದ ಪ್ರಯೋಗಗಳೂ 1876ರ ದೂರವಾಣಿಗೆ ದಾರಿಯಾದವು. 1877ರಲ್ಲಿ ಅವರು ಕೈಹಿಡಿದ ಮೇಬಲ್ ಹಬ್ಬರ್ಡ್ ಅವರ ವಿದ್ಯಾರ್ಥಿನಿಯೇ ಆಗಿದ್ದರು. ಐದರ ಪ್ರಾಯದಲ್ಲಿ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡವರು. ಕುರುಡಿಯೂ ಕಿವುಡಿಯೂ ಆಗಿದ್ದ ಹೆಲೆನ್ ಕೆಲ್ಲರ್ ಅವರ ತಂದೆಗೆ 1886ರಲ್ಲಿ ದಾರಿ ತೋರಿದವರೂ ಬೆಲ್ ಅವರೇ. ಅದರ ಫಲವಾಗಿ ಬಂದ ಶಿಕ್ಷಕಿ ಆನ್ ಸಲಿವನ್, ಬಾಲಕಿಯ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸಿ ಭಾಷೆ ಕಲಿಸಿದರು.

ಇಂತಹ ಬೆಲ್ ಸನ್ನೆ ಭಾಷೆಯನ್ನು ಜೀವನವಿಡೀ ವಿರೋಧಿಸಿದರು. ಅದು ಕಿವುಡರನ್ನು ಸಮಾಜದಿಂದ ಬೇರ್ಪಡಿಸುತ್ತದೆ. ಅವರು ತುಟಿಯ ಚಲನೆ ನೋಡಿ ಅರ್ಥ ಗ್ರಹಿಸಿ, ಬಾಯಿಂದಲೇ ಮಾತನಾಡಬೇಕು ಎಂಬುದು ಅವರ ನಂಬಿಕೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಇದೇ ನಿಲುವನ್ನು ಅಂಗೀಕರಿಸಿತು. ಅಮೆರಿಕದಲ್ಲಿ ಬೆಲ್ ಅವರ ಕೀರ್ತಿ ಅದಕ್ಕೆ ಬಲ ನೀಡಿತು. ಕಿವುಡರು ಪರಸ್ಪರ ವಿವಾಹವಾದರೆ ಮನುಷ್ಯರಲ್ಲೇ ಒಂದು ಕಿವುಡ ಪ್ರಭೇದ ಬೆಳೆದೀತೆಂದು 1883ರಲ್ಲಿ ಪ್ರಬಂಧ ಮಂಡಿಸಿದ ಅವರು, ಕಿವುಡ ಶಿಕ್ಷಕರ ನೇಮಕವನ್ನೂ ಒಪ್ಪಲಿಲ್ಲ.

ಪರಿಣಾಮವನ್ನು ಅನುಭವಿಸಿದವರು ಮಕ್ಕಳು. ದಶಕಗಳ ಕಾಲ ಅನೇಕ ಶಾಲೆಗಳಲ್ಲಿ ಸನ್ನೆ ಮಾಡುವುದೇ ಅಪರಾಧವಾಯಿತು. ಮೇಬಲ್ ಅವರಂತೆ ಮಾತು ಬಂದ ಮೇಲೆ ಕಿವಿ ಕಳೆದುಕೊಂಡವರಿಗೆ ಒಗ್ಗಿದ ಕ್ರಮ, ಮಾತನ್ನೇ ಕೇಳದೆ ಹುಟ್ಟಿದವರಿಗೂ ಒಗ್ಗಬೇಕೆಂದಿರಲಿಲ್ಲ. ಬಾಯಿಮಾತೂ ಕೈಗೂಡದೆ ಸನ್ನೆಯೂ ದಕ್ಕದೆ ಎಷ್ಟೋ ಮಕ್ಕಳು ಭಾಷೆಯಿಂದಲೇ ವಂಚಿತರಾದರು.

1922ರ ಆಗಸ್ಟ್ 2ರಂದು ಬೆಲ್ ನಿಧನರಾದರು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ದೂರವಾಣಿಗಳು ಒಂದು ನಿಮಿಷ ಮೌನ ತಾಳಿದವು. ಸನ್ನೆ ಭಾಷೆಗೂ ತನ್ನದೇ ರಚನೆಯುಂಟೆಂದು ಅಮೆರಿಕದ ವಿದ್ವಾಂಸ ವಿಲಿಯಂ ಸ್ಟೋಕೋ 1960ರಲ್ಲಿ ತೋರಿಸಿದರು. ಮಿಲಾನ್ ನಿರ್ಣಯದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ವಿಷಾದ ಸೂಚಿಸಲು 2010 ಬರಬೇಕಾಯಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸನ್ನೆ, ಬ್ರೈಲ್ ಹಾಗೂ ಮಾತಿಗೆ ಪೂರಕವಾದ ಇತರ ವಿಧಾನಗಳನ್ನು ಸಂವಹನವೆಂದೇ ಪರಿಗಣಿಸಿದೆ.

ಬೆಲ್ ಅವರ ಸದುದ್ದೇಶವನ್ನು ಶಂಕಿಸಬೇಕಾಗಿಲ್ಲ. ಆದರೆ ನೆರವಿನ ವಿಧಾನವನ್ನು ಆರಿಸುವಾಗ ಅದನ್ನು ಬಳಸಬೇಕಾದವರನ್ನು ಕೇಳದಿದ್ದರೆ ಸದುದ್ದೇಶವೂ ಸಂಕೋಲೆಯಾಗುತ್ತದೆ. ತಾಯಿಯೊಡನೆ ಬೆರಳಿನಿಂದ ಮಾತನಾಡಿದ್ದ ಬಾಲಕ ಅರಿತಿದ್ದ ಸತ್ಯವನ್ನು, ಜಗತ್ತಿಗೆ ದೂರವಾಣಿ ಕೊಟ್ಟ ವಿಜ್ಞಾನಿ ಮರೆತದ್ದು ವಿಪರ್ಯಾಸ.