ಮುಂದೆ ನಡೆದ ಬೋಧಕ: ಬರ್ನಾರ್ಡ್ ವ್ಯಾನ್



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಿಗೆ ಸೈನ್ಯ ಅಂದ್ರ ದೂರದ ಮಾತಲ್ಲ. ಬೆಳಗಾವಿಯಲ್ಲೇ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇದೆ. ಮೊದಲನೇ ಮಹಾಯುದ್ಧದಲ್ಲಿ ಮರಾಠಾ ಪಡೆಗಳು ಇರಾಕಿನ ಕೂಟ್ ಪಟ್ಟಣದಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಸಿಕ್ಕಿ ಹಸಿದಿದ್ದವು. ಅದೇ ಯುದ್ಧಕ್ಕೆ ಇಂಗ್ಲೆಂಡಿನಿಂದ ಹೋದ ಒಬ್ಬ ಬೋಧಕನ ಜೀವನವನ್ನು ಇವತ್ತು ನಿಮ್ಮ ಮುಂದೆ ಇಡ್ತೀನಿ.

ಬರ್ನಾರ್ಡ್ ವ್ಯಾನ್ ಹುಟ್ಟಿದ್ದು 1887ರಲ್ಲಿ, ರಷ್‌ಡನ್ ಎಂಬ ಊರಲ್ಲಿ. ಫುಟ್‌ಬಾಲ್ ಅಂದ್ರ ಪ್ರಾಣ. ನಾರ್ಥಾಂಪ್ಟನ್ ಟೌನ್, ಬರ್ಟನ್ ಯುನೈಟೆಡ್, ಡರ್ಬಿ ಕೌಂಟಿ ಕ್ಲಬ್ಬುಗಳಿಗೆ ಆಡಿದರು, ಅದೂ ಸಂಬಳಕ್ಕಲ್ಲ, ಹವ್ಯಾಸಿಯಾಗಿ. ಆಮೇಲೆ ಕೇಂಬ್ರಿಡ್ಜಿನಲ್ಲಿ ಓದಿ, ಸೇವೆಗೆ ಅಭಿಷೇಕ ಹೊಂದಿ, ವೆಲಿಂಗ್‌ಬರೋ ಶಾಲೆಯಲ್ಲಿ ಶಿಕ್ಷಕರೂ ಚಾಪ್ಲಿನ್ನರೂ ಆದರು. ಆಟ ಆಡೋನು ದೇವರಿಗೆ ಬೇಡವಾದವನು ಅಂತ ಯಾರಾದ್ರೂ ನಿಮಗೆ ಹೇಳಿದ್ರ ಈ ಮನುಷ್ಯನನ್ನ ನೆನಸ್ರಿ.

1914ರಲ್ಲಿ ಯುದ್ಧ ಶುರುವಾಯಿತು. ಅವರು ಸೈನ್ಯದ ಚಾಪ್ಲಿನ್ ಆಗಬೇಕೆಂದಿದ್ದರು. ಅದು ತಡವಾದಾಗ ಸಾಮಾನ್ಯ ಸೈನಿಕರಾಗಿ ಸೇರಿಬಿಟ್ಟರು. ಮುಂದೆ ಶೆರ್ವುಡ್ ಫಾರೆಸ್ಟರ್ಸ್ ಪಡೆಯ ಅಧಿಕಾರಿಯಾದರು. ಮತ್ತೆ ಮತ್ತೆ ಗಾಯಗೊಂಡರು, ಮತ್ತೆ ಮತ್ತೆ ಮರಳಿ ಬಂದರು. ಎರಡು ಸಲ ಮಿಲಿಟರಿ ಕ್ರಾಸ್ ಪಡೆದರು. 1916ರ ಡಿಸೆಂಬರಿನಲ್ಲಿ ಡೊರಿಸ್ ಬೆಕ್ ಅವರನ್ನು ಮದುವೆಯಾದರು.

1918 ಸೆಪ್ಟೆಂಬರ್ 29, ಫ್ರಾನ್ಸಿನ ಬೆಲ್ಲಂಗ್ಲೀಸ್. ದಟ್ಟ ಮಂಜು, ಎದುರಿನಿಂದ ಗುಂಡಿನ ಮಳೆ. ವ್ಯಾನ್ ತಮ್ಮ ಪಡೆಯನ್ನು ಕಾಲುವೆ ದಾಟಿಸಿದರು. ಮುಂದೆ ದಾಳಿ ನಿಂತುಹೋದಾಗ ಹಿಂದಿನಿಂದ ಆಜ್ಞೆ ಕಳಿಸಲಿಲ್ಲ. ತಾವೇ ಮುಂದಿನ ಸಾಲಿಗೆ ಓಡಿ ನಡೆಸಿಕೊಂಡು ಹೋದರು. ಶತ್ರುವಿನ ಒಂದು ಫಿರಂಗಿಯ ಮೇಲೆ ಒಬ್ಬರೇ ನುಗ್ಗಿ ಮೂವರನ್ನು ಹೊಡೆದುರುಳಿಸಿದರು. ನಾಲ್ಕು ದಿನದ ನಂತರ, ಅಕ್ಟೋಬರ್ 3ರಂದು, ರಾಮಿಕೂರ್ ಬಳಿ ಪಡೆಯ ಮುಂದೆ ನಡೆಯುತ್ತಲೇ ಗುಂಡಿಗೆ ಬಲಿಯಾದರು. ವಯಸ್ಸು 31. ಇನ್ನು 39 ದಿನಕ್ಕೆ ಯುದ್ಧ ನಿಂತಿತು. ವಿಕ್ಟೋರಿಯಾ ಕ್ರಾಸ್ ಮರಣಾನಂತರ ಬಂತು. ಮಗ ಹುಟ್ಟಿದ್ದು 1919ರಲ್ಲಿ. ಅಪ್ಪನ ಮುಖ ನೋಡಲೇ ಇಲ್ಲ.

ಪ್ರಿಯರೇ, ಇಲ್ಲಿ ಒಂದು ಮುಳ್ಳಿದೆ, ಅದನ್ನು ನಾನು ಮುಚ್ಚಿಡೋದಿಲ್ಲ. ರೊಟ್ಟಿ ಮುರಿದು ಹಂಚಿದ ಕೈಯೇ ಬಂದೂಕು ಹಿಡಿಯಿತು. ಆ ಮೂವರಿಗೂ ತಾಯಂದಿರಿದ್ದರು. ಪೇತ್ರನ ಕತ್ತಿಯನ್ನು ಒರೆಗೆ ಸೇರಿಸು ಅಂದ ಕರ್ತನ ಮುಂದೆ ಇದು ಸುಲಭದ ಲೆಕ್ಕವಲ್ಲ. ಈ ಲೆಕ್ಕ ಬಿಡಿಸೋ ಅಧಿಕಾರ ನನಗಿಲ್ಲ. ಅದು ದೇವರ ಕೈಯಲ್ಲಿದೆ.

ಆದರೆ ಒಂದು ಮಾತು ನನ್ನನ್ನು ಬಿಡ್ತಿಲ್ಲ. ಈತ ಬೇರೆಯವರನ್ನು ಮುಂದೆ ಕಳಿಸಿ ಹಿಂದೆ ಉಳಿದವನಲ್ಲ. ನಾವೋ? ಪುಣೆ, ಬೆಂಗಳೂರಿನ ರೂಮಿನಲ್ಲಿ ಗೆಳೆಯ ಸಾಲದಲ್ಲಿ, ಕುಡಿತದಲ್ಲಿ ಮುಳುಗ್ತಿರ್ತಾನ. ನಾವು ಗ್ರೂಪಿನಲ್ಲಿ ಕೈಮುಗಿಯೋ ಚಿತ್ರ ಹಾಕಿ ಸುಮ್ಮನಾಗ್ತೀವಿ. ಬಂದೂಕು ಬೇಡ, ಕಾಲು ಸಾಕು. ಈ ವಾರ ಎದ್ದು ಹೋಗ್ರಿ, ಅವನ ಬಾಗಿಲು ತಟ್ಟ್ರಿ, ಪಕ್ಕದಲ್ಲಿ ಕೂಡ್ರಿ. ನಮಗೋಸ್ಕರ ಪರಲೋಕದಿಂದ ಇಳಿದು ಬಂದ ಕರ್ತನು ನಿಮಗಿಂತ ಮೊದಲೇ ಅಲ್ಲಿರ್ತಾನೆ. ಆಮೆನ್.